ಕರಗದ ಗುಳ್ಳವ್ವ

ಅವ್ವ ವಿಮಾನ ಹತ್ತಬಹುದು ಎಂದಿದ್ದರು ಡಾಕ್ಟರು. ಹೃದಯಕ್ಕೆ ಇನ್ನು ಮಾಡುವಂಥದ್ದೇನೂ ಉಳಿದಿಲ್ಲ, ಊರಿಗೆ ಹೋಗುವ ಆಸೆಯಿದ್ದರೆ ಈಗಲೇ ಕಳಿಸಿ ಎಂದು ಇಂಗ್ಲಿಷಿನಲ್ಲಿ ಮೆತ್ತಗೆ ಹೇಳಿದರು. ಕಾರಿನಲ್ಲಿ ಅವ್ವ ಕೇಳಿದಾಗ ನಾನು, "ಈಗ ಬ್ಯಾಡ ಅಂದಾರ" ಎಂದೆ. ಅಷ್ಟು ದೊಡ್ಡ ಸುಳ್ಳಿಗೆ ನಾಲಿಗೆ ಒಂಚೂರೂ ತಡವರಿಸಲಿಲ್ಲ.

ಈ ಅರಬ್ ದೇಶದಲ್ಲಿ, ಅಲ್ ಖೌದ್ ಬಡಾವಣೆಯ ಮೂರನೇ ಮಹಡಿಯ ಫ್ಲ್ಯಾಟು ಆ ಬೇಸಿಗೆಯಲ್ಲಿ ನಮ್ಮಿಬ್ಬರಿಗೂ ಸೆರೆಮನೆಯಾಗಿತ್ತು. ಹೊರಗೆ ಕಾಲಿಟ್ಟರೆ ಕೆಂಡ, ಒಳಗೆ ಹಗಲಿಡೀ ಏಸಿಯ ಗೊಣಗಾಟ. ಮಗಳು ಕಿವಿಗೆ ಇಯರ್‌ಫೋನ್ ತುರುಕಿಕೊಂಡು ಕೋಣೆ ಸೇರಿದರೆ ಊಟಕ್ಕಷ್ಟೇ ಹೊರಗೆ. ಗಂಡ ಆಫೀಸಿನಿಂದ ಬರುವವರೆಗೆ ನಾನು, ಅವ್ವ, ಅವಳ ಮಾತ್ರೆಗಳು. ಅವಳ ಮೇಲೆ ನನಗೆ ಸಿಟ್ಟು ಬರುತ್ತಿತ್ತು, ಸುಳ್ಳೇಕೆ ಹೇಳಲಿ. ಆದರೆ ಭಯ ಅದಕ್ಕಿಂತ ದೊಡ್ಡದಿತ್ತು. ಬಾಗಲಕೋಟೆಯ ನನ್ನ ತಂಗಿಯ ಮನೆಗೆ ಹೋದವಳು ಅಲ್ಲೇ ಕಣ್ಣು ಮುಚ್ಚುತ್ತಾಳೆ, ಇಲ್ಲಿ ನಾನು ಫೋನಿನಲ್ಲಿ ಅವಳ ಮುಖ ನೋಡಬೇಕಾಗುತ್ತದೆ.

ಆಷಾಢ ಬಂತು. ಆಷಾಢದ ಮಂಗಳವಾರಗಳಂದು ನಮ್ಮ ಕಡೆಯ ಹೆಂಗಸರು ಮಣ್ಣಿನ ಗುಳ್ಳವ್ವನನ್ನು ಮಾಡಿ, ಪೂಜಿಸಿ, ಮರುದಿನ ನೀರಿಗೆ ಬಿಡುತ್ತಾರೆ. ಅವ್ವ ಹಟ ಹಿಡಿದಳು.

"ಇಷ್ಟ ದೊಡ್ಡ ದೇಶದಾಗ ಒಂದ ಬೊಗಸಿ ಮಣ್ಣ ಸಿಗೂದಿಲ್ಲೇನ?"

ಗಂಡ ಒಣಗಿದ ವಾದಿಯ, ಅಂದರೆ ಇಲ್ಲಿನ ಮಳೆಹಳ್ಳದ, ಪಾತ್ರದಿಂದ ಹಪ್ಪಳದಂತೆ ಎದ್ದುನಿಂತ ಮಣ್ಣನ್ನು ಚೀಲದಲ್ಲಿ ತಂದರು. ಅವ್ವ ಅದನ್ನು ನೆನೆಹಾಕಿ, ಹತ್ತಿ ಬೆರೆಸಿ, ನನ್ನ ರಟ್ಟೆ ಬಿದ್ದುಹೋಗುವ ಹಾಗೆ ಕುಟ್ಟಿಸಿದಳು. ನಡುಗುವ ಕೈಯಲ್ಲಿ ಎರಡು ದಿನ ಮೂರ್ತಿ ಮಾಡಿದಳು. ಚಿಕ್ಕಂದಿನಲ್ಲಿ ನಾನು ಕಂಡ ಗುಳ್ಳವ್ವ ತುಂಬುಗೆನ್ನೆಯ ಹುಡುಗಿ. ಇವಳಿಗೆ ಜೋತುಬಿದ್ದ ಮೊಲೆ, ಹೆತ್ತು ಮಡಿಕೆಬಿದ್ದ ಹೊಟ್ಟೆ, ಬಾಗಿದ ಬೆನ್ನು. ಹೊರಗೆ ಬಂದ ಮಗಳು ನಕ್ಕಳು: "ಅಜ್ಜಿ, ಶೀ ಲುಕ್ಸ್ ಲೈಕ್ ಯೂ!"

ನಾನು ಅರ್ಥ ಹೇಳಿದೆ. ಅವ್ವನಿಗೂ ನಗು ಬಂತು. "ಮತ್ತ? ನನ್ನ ಜೋಡಿ ಆಡಿ ಬೆಳದಾಕಿ. ಅಕಿಗೂ ವಯಸ್ಸಾಗೂದಿಲ್ಲೇನ?"

ಹೊಟ್ಟೆಯ ಮಡಿಕೆಗಳನ್ನು ಹೆಬ್ಬೆರಳಿನಿಂದ ಒತ್ತಿದ್ದಳು. ಮಣ್ಣು ಒಣಗಿದಾಗ ಆ ಬೆರಳಿನ ಗೆರೆಗಳು ಅಚ್ಚೊತ್ತಿದಂತೆ ಕಂಡವು. ಅಲ್ಲಿ ನನ್ನ ಬುದ್ಧಿ ಕೆಟ್ಟಿತು. ಬಣ್ಣ ಹಚ್ಚುತ್ತೇನೆಂದು ಒಳಗೆ ಒಯ್ದು, ಮಗಳ ಶಾಲೆಯ ಪ್ರಾಜೆಕ್ಟಿಗೆ ತಂದಿದ್ದ ವಾರ್ನಿಷನ್ನು ಎರಡು ಕೈ ಬಳಿದೆ, ಅಡಿಭಾಗಕ್ಕೆ ಮೂರು. ಆ ಗೆರೆಗಳು ನನಗೆ ಬೇಕಾಗಿದ್ದವು.

ಬುಧವಾರ ಬೆಳಿಗ್ಗೆ ಬಾತ್‌ರೂಮಿನ ಬಕೆಟ್ಟಿನಲ್ಲಿ ಗುಳ್ಳವ್ವನನ್ನು ಬಿಟ್ಟೆವು. ಅವ್ವ ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತಳು. ಮಧ್ಯಾಹ್ನವಾದರೂ ನೀರು ತಿಳಿಯಾಗಿಯೇ ಇತ್ತು. ಅವ್ವ ಕೈ ಅದ್ದಿ ಎತ್ತಿ, ಉಗುರಿನಿಂದ ಕೆರೆದು ನೋಡಿದಳು.

"ಏನ ಹಚ್ಚೀದಿ ಇದಕ?"

ಹೇಳಿದೆ.

"ಹೋಗೂ ದೇವ್ರನ್ನ ಕಟ್ಟಿ ಹಾಕ್ತಾರೇನ, ಹುಚ್ಚಿ?"

ಪಾತ್ರೆ ತಿಕ್ಕುವ ತಂತಿಯುಂಡೆ ತರಿಸಿಕೊಂಡು ತಾನೇ ತಿಕ್ಕತೊಡಗಿದಳು. ಎರಡು ಸಲ ತಿಕ್ಕುವುದರೊಳಗೆ ಏದುಸಿರು. ನಾನು ಅದನ್ನು ಕಸಿದುಕೊಂಡು ತಿಕ್ಕಿದೆ. ಮೊದಲು ಬೆನ್ನು, ಆಮೇಲೆ ಮೊಲೆ. ಹೊಟ್ಟೆಗೆ ಬಂದಾಗ ಕೈ ನಿಂತಿತು. ಕಣ್ಣು ಮುಚ್ಚಿ ತಿಕ್ಕಿದೆ. ನೀರು ಕೆಂಪಗೆ ಕದಡಿತು. ನನಗೆ ಅಳು ಒತ್ತರಿಸಿ ಬಂತು.

"ಅವ್ವಾ, ಡಾಕ್ಟರು ನೀ ಊರಿಗೆ ಹೋಗಬಹುದು ಅಂದಿದ್ರು."

"ಗೊತ್ತದ. ಅವ್ರು ಮಾತಾಡೂಮುಂದ ನಾ ನಿನ್ನ ಮಾರಿ ನೋಡ್ಕೋತ ಕುಂತಿದ್ನಲ್ಲಾ."

"ಮತ್ಯಾಕ ಸುಮ್ಮನಿದ್ದಿ ಇಷ್ಟ ದಿನಾ?"

ಅವ್ವ ಸೆರಗಿನಿಂದ ನನ್ನ ಕೈಗಂಟಿದ ಮಣ್ಣನ್ನು ಒರೆಸಿದಳು.

"ನೀ ಬಿಡಲಾರದ ನಾ ಹ್ಯಾಂಗ ಹೋಗ್ಲಿ?"