ತವರಿನ ಚೀಲದ ತಂಬಾಕು

ಎಳ್ಳಮಾವಾಸ್ಯೆಯ ದಿನ ಹೊಲದಲ್ಲಿ ಊಟಕ್ಕೆ ಕೂತರೆ ಮಾತಿಗಿಂತ ರೊಟ್ಟಿಯ ಸದ್ದೇ ಜಾಸ್ತಿ. ನಾಲ್ಕು ದಿನ ಮೊದಲೇ ಎಳ್ಳು ಹಚ್ಚಿ ಬಡಿದಿಟ್ಟ ಸಜ್ಜೆಯ ಕಡಕ್ ರೊಟ್ಟಿ. ಬಾಯಿಗಿಟ್ಟರೆ ಕಟಂ ಅನ್ನಲೇಬೇಕು. ಈ ಸಲ ಖಜೂರಿಯಲ್ಲಿ, ನಮ್ಮ ಅಕ್ಕನ ಹೊಲದಲ್ಲಿ, ಎಲ್ಲರ ಬಾಯಿಂದಲೂ ಸದ್ದು ಬರುತ್ತಿತ್ತು. ಅಕ್ಕನ ಬಾಯಿಂದ ಮಾತ್ರ ಇಲ್ಲ.

ನೋಡಿದರೆ, ರೊಟ್ಟಿ ಪುಡಿ ಮಾಡಿ ಮಜ್ಜಿಗೆಯಲ್ಲಿ ನೆನೆಯಿಟ್ಟುಕೊಂಡು ಕೂತಿದ್ದಾಳೆ. ಇನ್ನೂ ಅರವತ್ತು ತುಂಬಿಲ್ಲ. ಕಬ್ಬು ಸಿಗಿದು ತಿನ್ನುವುದರಲ್ಲಿ ನನ್ನನ್ನು ಒಮ್ಮೆಯೂ ಗೆಲ್ಲಲು ಬಿಟ್ಟವಳಲ್ಲ. ಯಾಕಕ್ಕ ಅಂದೆ. ಏನಿಲ್ಲ ಅಂದಳು. ಬೆನ್ನು ಬಿದ್ದು ಕೇಳಿದ ಮೇಲೆ ಕೆಳದುಟಿ ಎಳೆದು ತೋರಿಸಿದಳು. ಒಸಡು ಕೆಳಗೆ ಸರಿದು ಹಲ್ಲುಗಳು ಉದ್ದುದ್ದ ಕಾಣುತ್ತಿದ್ದವು. ನಾಲಿಗೆ ತಾಗಿದರೂ ಅಲ್ಲಾಡುತ್ತಿದ್ದವು.

ಮರುವಾರವೇ ಜೇವರ್ಗಿಗೆ, ನಮ್ಮ ಮನೆಗೆ ಕರೆತಂದೆ. ಇಲ್ಲಿ ಹೊಸದಾಗಿ ಹಲ್ಲಿನ ದವಾಖಾನೆ ತೆರೆದ ಡಾಕ್ಟರ್ ಒಬ್ಬರಿದ್ದಾರೆ. ಚಿಕ್ಕ ವಯಸ್ಸಿನ ಹೆಣ್ಣುಮಗಳು. ಪ್ರತಿ ವಾರ ಪತ್ರಿಕೆಯಲ್ಲಿ ನನ್ನ ಈ ಅಂಕಣ ಓದುತ್ತಾರಂತೆ. (ನಾನು ಸ್ವಲ್ಪ ಉಬ್ಬಿದೆ. ಆ ಉಬ್ಬು ಹತ್ತು ನಿಮಿಷ ಇತ್ತು.)

ಅವರು ಹೇಳಿದ್ದು ಇಷ್ಟು. ಹಲ್ಲಿನ ಬುಡದಲ್ಲಿ ಕೂರುವ ಜಿಗುಟನ್ನು ದಿನಾ ತೆಗೆಯದಿದ್ದರೆ ಅದು ಗಟ್ಟಿಯಾಗಿ ಕಲ್ಲಾಗುತ್ತದೆ. ಒಸಡು ಊದುತ್ತದೆ, ರಕ್ತ ಬರುತ್ತದೆ. ಆಗಲೇ ಬಂದರೆ ಪೂರ್ತಿ ವಾಸಿ. ಬರದಿದ್ದರೆ ಒಸಡು ಹಲ್ಲನ್ನು ಬಿಟ್ಟು ಸರಿಯುತ್ತದೆ, ನಡುವೆ ಜೇಬಿನಂಥ ಸಂದಿ ಬೀಳುತ್ತದೆ, ಅಲ್ಲಿ ಸೋಂಕು ಸೇರಿ ಹಲ್ಲು ಹಿಡಿದ ಎಲುಬೇ ಸವೆಯುತ್ತದೆ. ಇದೆಲ್ಲ ಬಹುತೇಕ ನೋವೇ ಇಲ್ಲದೆ! ಹಲ್ಲು ನೋವು ಬಂದರೆ ನಾವು ಓಡಿ ಹೋಗುತ್ತೇವೆ. ಬ್ರಷ್‌ಗೆ ರಕ್ತ ಅಂಟಿದರೆ? ಬ್ರಷ್ ಬದಲಿಸುತ್ತೇವೆ. (ನಾನು ಎಷ್ಟು ಬದಲಿಸಿದ್ದೇನೆ ಅಂತ ಕೇಳಬೇಡಿ.)

ಆಮೇಲೆ ಡಾಕ್ಟರ್ ಮಿಸ್ರಿ ತಿಕ್ಕುತ್ತೀರಾ ಅಂತ ಕೇಳಿದರು. ತಂಬಾಕನ್ನು ಹಂಚಿನ ಮೇಲೆ ಕರ್ರಗೆ ಹುರಿದು, ಪುಡಿ ಮಾಡಿ, ಬೆರಳಿನಿಂದ ಹಲ್ಲಿಗೆ, ಒಸಡಿಗೆ ತಿಕ್ಕುವುದು. ನಮ್ಮ ಕಡೆ ಹೆಂಗಸರಲ್ಲಿ ಇದು ಚಹಾದಷ್ಟೇ ಸಹಜ. ಅಕ್ಕನಿಗೆ ಬಾಣಂತನದಲ್ಲಿ ಹಲ್ಲು ನೋವು ಬಂದಾಗ ಅತ್ತೆ ಹಚ್ಚಿದ ಚಟ. ಅಕ್ಕ ಹೌದೆಂದು ತಲೆಯಾಡಿಸಿದಳು.

"ಯಾರ್ ತಂದ್ ಕೊಡ್ತಾರ್ರಿ ಅವ್ವಾರ?"

"ಸಂತ್ಯಾಗ ಸಿಗ್ತದ್ರಿ," ಅಂದಳು ಅಕ್ಕ. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ನಾನು ಗೋಡೆಯ ಮೇಲಿದ್ದ ದವಡೆಯ ಚಿತ್ರವನ್ನು ಬಹಳ ಆಸಕ್ತಿಯಿಂದ ನೋಡುತ್ತ ನಿಂತೆ.

ಯಾಕೆಂದರೆ, ಪ್ರತಿ ನಾಗರ ಪಂಚಮಿಗೆ ಅಕ್ಕನನ್ನು ತವರಿಗೆ ಕರೆಯಲು ಹೋಗುವವನು ನಾನು. ಚೀಲದಲ್ಲಿ ಸೀರೆ, ಬಳೆ, ಶೇಂಗಾ ಉಂಡಿ. ಅವುಗಳ ಅಡಿಯಲ್ಲಿ, ಕಾಗದದಲ್ಲಿ ಸುತ್ತಿದ, ವರ್ಷಕ್ಕಾಗುವಷ್ಟು ಒಳ್ಳೆಯ ತಂಬಾಕಿನ ಎಲೆ. ತಂಬಾಕು ತಾ ಎಂದು ಗಂಡನಿಗೆ ಹೇಳಲು ಅವಳಿಗೆ ನಾಚಿಕೆ, ಮಗನಿಗೆ ಹೇಳಲು ಸಂಕೋಚ. ತಮ್ಮನ ಹತ್ತಿರ ಯಾವ ಮುಚ್ಚುಮರೆ? ಮೂವತ್ತು ವರ್ಷ ತಪ್ಪದೆ ಒಯ್ದಿದ್ದೇನೆ. ಅದನ್ನು ನಾನು ಪ್ರೀತಿ ಅಂದುಕೊಂಡಿದ್ದೆ. ಪ್ರೀತಿಯೇ ಆಗಿತ್ತು, ಅದೇ ಸಂಕಟ.

ಮೊದಲ ಸಲ ಕ್ಲೀನಿಂಗ್ ಆಯಿತು. ಮನೆಗೆ ಬಂದು ಕನ್ನಡಿ ನೋಡಿದವಳು ಕೆಂಡವಾದಳು. ಹಲ್ಲುಗಳ ನಡುವೆ ಸಂದಿ! ಡಾಕ್ಟರ್ ಹಲ್ಲು ಕೆತ್ತಿ ಕಿಂಡಿ ಮಾಡಿಬಿಟ್ಟಳು, ಇನ್ನು ಆ ಕಡೆ ಕಾಲಿಡುವುದಿಲ್ಲ ಎಂದು ಚೀಲ ತುಂಬತೊಡಗಿದಳು. ಸಂದಿ ಮೊದಲೇ ಇತ್ತು, ಕಲ್ಲು ಅದನ್ನು ತುಂಬಿಕೊಂಡಿತ್ತು ಅಷ್ಟೇ ಎಂದು ಡಾಕ್ಟರ್ ಹೇಳಿದ್ದನ್ನೇ ನಾನೂ ಹೇಳಿದೆ. ಕೇಳಲಿಲ್ಲ. ಒಸಡಿನ ಒಳಗಿನ ಕಲ್ಲು ತೆಗೆಯುವ ಕೆಲಸ ಇನ್ನೂ ಬಾಕಿ. ಅದಾಗದಿದ್ದರೆ, ಮಿಸ್ರಿ ನಿಲ್ಲದಿದ್ದರೆ, ಮುಂದಿನ ಹಲ್ಲು ಒಂದೂ ಉಳಿಯುವುದಿಲ್ಲ. ಕೊನೆಗೆ ನನಗೂ ಸಿಟ್ಟು ಬಂತು. ಹಾಳಾದ ಮಿಸ್ರಿ ಯಾವಾಗಲೋ ಬಿಡಬೇಕಿತ್ತು ನೀನು ಅಂದುಬಿಟ್ಟೆ.

ಅಕ್ಕ ಸೀರೆ ಮಡಚುವುದನ್ನು ನಿಲ್ಲಿಸಿದಳು.

"ಎರಡ ಸರ್ತಿ ಬಿಟ್ಟಿದ್ನೋ ತಮ್ಮಾ. ಪಂಚಮಿ ಬರ್ತಿತ್ತು, ನೀ ತರ್ತಿದ್ದಿ. ತವರಿಂದ ಬಂದದ್ದು ತಿಪ್ಪಿಗಿ ಚೆಲ್ಲಾಕ ಬರ್ತದೇನು?"

ಚೀಲ ಪಕ್ಕಕ್ಕೆ ಸರಿಸಿ ಅವಳೇ ಅಂದಳು: "ನೀ ತರೋದ ಬಿಡು. ನಾ ತಿಕ್ಕೋದ ಬಿಡ್ತೇನಿ."

ಇಬ್ಬರೂ ಬಿಟ್ಟೆವು. ಅವಳಿಗೆ ಮೊದಲ ತಿಂಗಳು ಸುಲಭವಿರಲಿಲ್ಲ, ಸಣ್ಣ ಸಣ್ಣದಕ್ಕೆ ರೇಗುತ್ತಿದ್ದಳಂತೆ. ಒಳಗಿನ ಕ್ಲೀನಿಂಗ್ ಎರಡು ಕಂತಿನಲ್ಲಿ ಆಯಿತು. ಎರಡನೇ ದಿನ ಅವಳ ಹಟಕ್ಕೆ ನಾನೂ ಕುರ್ಚಿಯಲ್ಲಿ ಕೂತು ಬಾಯಿ ತೆರೆದೆ. ನನ್ನ ಒಸಡಿನಿಂದಲೂ ರಕ್ತ ಬಂತು. ಅಕ್ಕನ ಮುಖದಲ್ಲಿ ಎಂಥ ಸಮಾಧಾನ!

ಒಂದು ಹಲ್ಲನ್ನು ಮಾತ್ರ ಉಳಿಸಲಾಗಲಿಲ್ಲ. ಹಲ್ಲು ಕಿತ್ತರೆ ಕಣ್ಣು ಹೋಗುತ್ತದೆ ಎಂಬ ಹೆದರಿಕೆ ಅವಳಿಗೆ. ಕೀಳಿಸಿದ ಮರುದಿನ ಬೆಳಿಗ್ಗೆ ಎದ್ದವಳೇ ಸೂಜಿಗೆ ದಾರ ಪೋಣಿಸಿ ನೋಡಿಕೊಂಡಳು. ದಾರ ಹೋಯಿತು. ಉಳಿದ ಹಲ್ಲುಗಳು ಈಗ ಅಷ್ಟಾಗಿ ಅಲ್ಲಾಡುವುದಿಲ್ಲ. ಸರಿದ ಒಸಡು ತಾನಾಗಿ ಮತ್ತೆ ಮೇಲೆ ಬರುವುದಿಲ್ಲ, ಇದ್ದಲ್ಲಿ ನಿಲ್ಲಿಸಿಕೊಳ್ಳಬೇಕು. ದಿನಾ ಎರಡು ಸಲ ಮೆತ್ತನೆಯ ಬ್ರಷ್, ಮೂರು ತಿಂಗಳಿಗೊಮ್ಮೆ ಡಾಕ್ಟರ್.

ಕಳೆದ ವಾರ ತೋರಿಸಲು ಹೋದಾಗ ಡಾಕ್ಟರ್ ಖುಷಿಯಾಗಿದ್ದರು. ಆದರೂ ಬಿಡಲಿಲ್ಲ. ಇಷ್ಟು ವರ್ಷ ತಂಬಾಕು ಯಾರು ಕೊಟ್ಟರು, ಒಮ್ಮೆ ಕರೆದುಕೊಂಡು ಬನ್ನಿ, ನಾಲ್ಕು ಮಾತು ಆಡುವುದಿದೆ ಅಂದರು. ಅಕ್ಕ ಮತ್ತೆ ಸಂತೆಯ ಹೆಸರು ಹೇಳಿದಳು. ಅಷ್ಟು ಸಡಿಲವಾಗಿದ್ದ ಹಲ್ಲುಗಳ ಬಾಯಿಂದ ತಮ್ಮನ ಹೆಸರು ಮಾತ್ರ ಉದುರಲಿಲ್ಲ.

ಈ ವಾರ ಪಂಚಮಿ. ಚೀಲದಲ್ಲಿ ಸೀರೆ, ಬಳೆ, ಮೆತ್ತಗಿನ ರವೆ ಉಂಡಿ ಇವೆ. ಅಡಿಯಲ್ಲಿ ಕಾಗದದ ಪೊಟ್ಟಣವಿಲ್ಲ.

ಡಾಕ್ಟರ್, ನೀವು ಪ್ರತಿ ವಾರ ಓದುತ್ತೀರಲ್ಲ: ಆ ಸಂತೆ ನಾನೇ.