ತಮಾರುವಾನ ಮೈಗೆ ಮಸಿ

ಒರೆವಾಯಿ ಊರಿನ ಅಕೈತಿ ಇಪ್ಪತ್ತೆಂಟು ವರ್ಷಗಳಿಂದ ಗುರು ಇಯೋತಾಮಾನ ಬಿಳಿ ನಿಲುವಂಗಿ ಹೊಲಿಯುತ್ತಿದ್ದಾಳೆ. ಆ ದ್ವೀಪಕ್ಕೆ ಕ್ರಿಸ್ತನ ಸುವಾರ್ತೆ ತಂದ ಇಯೋತಾಮಾ ಸತ್ತು ನೂರೈವತ್ತು ವರ್ಷದ ಮೇಲಾಯಿತು. ಆದರೂ ಸುವಾರ್ತೆ ಬಂದ ದಿನವೆಂದು ಪ್ರತಿ ಅಕ್ಟೋಬರಿನಲ್ಲಿ ಚರ್ಚಿನ ಬಯಲಲ್ಲಿ ನಾಟಕವಾಡುವಾಗ ಅವನು ದೋಣಿಯಿಂದ ಇಳಿಯಲೇಬೇಕು, ಅಂಗಿಗೆ ಒಂದು ಸುಕ್ಕೂ ಇರಬಾರದು.

ಆಯಾ ಹಿರಿಯರ ಪಾತ್ರವನ್ನು ಆಯಾ ವಂಶದವರೇ ಮಾಡುವುದು ಅಲ್ಲಿನ ಪದ್ಧತಿ. ಹಾಗಾಗಿ ಇಯೋತಾಮಾನ ಮನೆಯವರಿಗೆ ಅಂಗಿ, ಹೂಮಾಲೆ. ಅಕೈತಿಯ ಮನೆಯವರಿಗೆ ಮಸಿ. ಗುರುವಿನ ಪುಸ್ತಕವನ್ನು ಸಮುದ್ರಕ್ಕೆಸೆದ ತಮಾರುವಾ ಅವಳ ಮುತ್ತಜ್ಜನ ಅಪ್ಪ. ಅವಳ ಅಣ್ಣ ತೌರಾಕಿ, ಎಪ್ಪತ್ತೊಂದರ ಮುದುಕ, ಮಂಡಿನೋವಿನಲ್ಲೂ ಮೈಗೆಲ್ಲ ಮಸಿ ಬಳಿದುಕೊಂಡು ಕುಣಿಯುತ್ತಾನೆ. ಜನ ಕೊಳೆತ ಪಪ್ಪಾಯಿ ಎಸೆಯುತ್ತಾರೆ. ಕೀರ್ತನೆ ಹಾಡಿದ ಬಾಯಲ್ಲೇ ಕೇಕೆ ಹಾಕುತ್ತಾರೆ. ಭಕ್ತಿಯಂತೆ ಭಕ್ತಿ!

ಅದೇ ತಮಾರುವಾ ಮುಂದೆ ಚರ್ಚು ಕಟ್ಟಲು ತನ್ನ ಜಾಗ ಬಿಟ್ಟುಕೊಟ್ಟ. ಊರಿಗೆಲ್ಲ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ. ಈ ಸಲ ನಾಟಕದ ದಿನ ಬೆಳಿಗ್ಗೆ ಅಕೈತಿ ಪಾದ್ರಿಯ ಬಳಿ ಹೋದಳು.

“ಜಾಗ ಕೊಟ್ಟಿದ್ದು ಅವನೇ ಅಂತ ಕೊನೇಲಿ ಒಂದು ಮಾತು ಹೇಳಿಸಿ ಪಾದ್ರಿಗಳೇ. ಒಂದೇ ಮಾತು.”

“ನಾಟಕ ಉದ್ದ ಆಗುತ್ತಮ್ಮ,” ಎಂದರು ಪಾದ್ರಿ, ಬೇಯಿಸಿದ ಕೆಸುವಿನ ಗಡ್ಡೆಯ ಸಿಪ್ಪೆ ಸುಲಿದು ತಿನ್ನುತ್ತ. “ಜನ ಆಗ್ಲೇ ಊಟಕ್ಕೆ ಎದ್ದಿರ್ತಾರೆ.”

ಪಕ್ಕದಲ್ಲಿದ್ದ ಸಭೆಯ ಹಿರಿಯನೊಬ್ಬ ನಕ್ಕ. “ಕೆಟ್ಟವನನ್ನೂ ಒಳ್ಳೆಯವನು ಮಾಡ್ಬಿಟ್ರೆ ನಾವು ಪಪ್ಪಾಯಿ ಯಾರಿಗೆ ಎಸೆಯೋಣ? ನಿಂಗಾ?”

ಪಾದ್ರಿಯ ಹಲ್ಲಿಗೆ ಮೆತ್ತಿಕೊಂಡ ಗಡ್ಡೆಯನ್ನು ನೋಡಿ ಅಕೈತಿಗೆ ಅಸಹ್ಯವಾಯಿತು. ಆ ಜಾಗದ ಮೇಲೆ ಕೂತು ತಿನ್ನುತ್ತಾರೆ, ಕೊಟ್ಟವನ ಮೇಲೆ ಉಗಿಯುತ್ತಾರೆ. ಈ ವರ್ಷ ತಮ್ಮ ಮನೆಯಿಂದ ಯಾರೂ ಮಸಿ ಬಳಿದುಕೊಳ್ಳುವುದಿಲ್ಲ ಎಂದು ನಿರ್ಧರಿಸಿ ಅಣ್ಣನ ಮನೆಗೆ ನಡೆದಳು.

ತೌರಾಕಿ ಜಗಲಿಯಲ್ಲಿ ತೆಂಗಿನ ಚಿಪ್ಪಿನ ಇದ್ದಿಲನ್ನು ಎಣ್ಣೆಯಲ್ಲಿ ಅರೆಯುತ್ತಿದ್ದ.

“ಬಿಸಾಕು ಅದನ್ನ,” ಎಂದಳು. “ನಿಂಗೆ ನಾಚಿಕೆ ಇಲ್ವಾ ಅಣ್ಣ? ಇಷ್ಟು ವರ್ಷ ಅವರ ಎಂಜಲು ಮೈಮೇಲೆ ಹಾಕಿಸ್ಕೊಂಡಿದ್ದು ಸಾಲ್ದಾ?”

ಅವನು ಅರೆಯುವುದನ್ನು ನಿಲ್ಲಿಸಲಿಲ್ಲ. “ನಾನು ಹೋಗ್ದಿದ್ರೆ ಏನು ಮಾಡ್ತಾರೆ ಹೇಳು.”

“ಮಾಡ್ಲಿ ಏನಾದ್ರೂ.”

“ಆ ಭಾಗಾನೇ ಕಿತ್ತು ಹಾಕ್ತಾರೆ. ಪಾದ್ರಿ ಹೋದ ವರ್ಷಾನೇ ಅಂದಿದ್ರು, ನಾಟಕ ಉದ್ದ ಆಯ್ತು ಅಂತ. ಆಮೇಲೆ ಅಜ್ಜನ ಹೆಸರು ಎಲ್ಲಿ ಕೇಳ್ತೀಯ? ಚರ್ಚಿನ ಕಲ್ಲಲ್ಲಿದ್ಯಾ? ಪ್ರಾರ್ಥನೇಲಿದ್ಯಾ? ವರ್ಷಕ್ಕೊಂದ್ಸಲ ಊರೆಲ್ಲ ಸೇರಿ ‘ತಮಾರುವಾ, ತಮಾರುವಾ’ ಅಂತ ಕೂಗುತ್ತೆ. ಬೈಯೋದಕ್ಕೇ ಇರ್ಲಿ, ಕೂಗುತ್ತಲ್ಲ.”

ಅವನು ಅಂಗಿ ಕಳಚಿ, ಅವಳಿಗೆ ಬೆನ್ನು ತಿರುಗಿಸಿ ಕೂತ.

“ಅಲ್ಲಿಗೆ ನನ್ನ ಕೈ ಎಟುಕಲ್ಲ,” ಎಂದ.

ಅವಳು ಬಟ್ಟಲಿಗೆ ಕೈಯಿಟ್ಟಳು. ಮೂಳೆ ಎದ್ದು ಕಾಣುವ ಬೆನ್ನಿಗೆ, ಒಂದು ಚೂರೂ ಬಿಡದಂತೆ, ತಾನೇ ಮಸಿ ಬಳಿದಳು. ಪಾದ್ರಿಯ ಮೇಲಿದ್ದ ಹೇಸಿಗೆಗಿಂತ ಆ ಹೊತ್ತಿನಲ್ಲಿ ತನ್ನ ಕೈಗಳ ಮೇಲೇ ಅವಳಿಗೆ ಹೆಚ್ಚು ಹೇಸಿಗೆಯಾಯಿತು.