ಬಶೀರ್ ಸಾಹೇಬರ ನಾಲ್ಕು ಗಂಟೆ

ದುಬೈ ಎಷ್ಟು ದೂರ ಎಂದು ಕೇಳಿದವರಿಗೆ ಬಶೀರ್ ಸಾಹೇಬರು ಎಂದೂ ನೇರ ಉತ್ತರ ಕೊಟ್ಟವರಲ್ಲ. ಕನ್ನಡಕವನ್ನು ಹಣೆಗೇರಿಸಿ, "ಯಾರು ಹೋಗ್ತಿರೋದು?" ಎಂದು ಮರುಪ್ರಶ್ನೆ ಹಾಕುತ್ತಿದ್ದರು. ಎಳೆಗೂಸಿನ ತಾಯಿಯಾದರೆ ದಾರಿಯಲ್ಲಿ ಎಷ್ಟು ಸಲ ಹಾಲೂಡಿಸಬೇಕಾದೀತು ಎಂದೂ, ಮಂಡಿನೋವಿನವರಾದರೆ ಎಷ್ಟು ಸಲ ಎದ್ದು ಓಡಾಡಬೇಕು ಎಂದೂ ತಿಳಿಸುತ್ತಿದ್ದರು. ಕಿಲೋಮೀಟರಿನ ಸರದಿ ಕೊನೆಗೆ. ಶಿವಾಜಿನಗರದ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಅವರ ಟಿಕೆಟ್ ಅಂಗಡಿ. ಏಳನೆಯ ತರಗತಿಗೇ ಶಾಲೆ ಬಿಟ್ಟಿದ್ದ ಅವರಷ್ಟು ಸ್ಪಷ್ಟವಾಗಿ ವಿಷಯ ಮಂಡಿಸುವವರನ್ನು ನಾನು ಯಾವ ಚರ್ಚಾವೇದಿಕೆಯಲ್ಲೂ ಕಂಡಿಲ್ಲ. ಅವರೆದುರು ಸೋತವನು ನಾನು. ಆ ಸೋಲು ನನಗೆ ಹೆಮ್ಮೆಯದು.

ಎರಡು ಸಾವಿರದ ಇಸವಿ ಕಳೆದ ಹೊಸತು. ಕಾಲೇಜು ಮುಗಿಸಿದ ನಾನು, ಓದುಬರಹ ಬಾರದವರ ಕಾಗದಪತ್ರ ನೋಡಿಕೊಡುವ ಪುಟ್ಟ ಕೇಂದ್ರವೊಂದನ್ನು ಗೆಳೆಯರೊಡನೆ ನಡೆಸುತ್ತಿದ್ದೆ. ನೆರೆಯ ಮೆಹರುನ್ನೀಸಾ ಅವರ ಮಗಳಿಗೆ ದುಬೈಯಲ್ಲಿ ಹೆರಿಗೆ. ಅವರು ಹೊರಡಬೇಕಾದದ್ದು ರಂಜಾನ್ ತಿಂಗಳಲ್ಲಿ. ಅವರಿಗೋ ಸಕ್ಕರೆ ಕಾಯಿಲೆ. ಸಂಜೆ ಸೂರ್ಯ ಮುಳುಗುವ ಆರು ಗಂಟೆಗೇ ತಿನ್ನುವುದಾದರೆ ಮಾತ್ರ ರೋಜಾ ಉಪವಾಸ ಇಡಿ, ತಡವಾದರೆ ಜೀವಕ್ಕೆ ಅಪಾಯ ಎಂದು ವೈದ್ಯರು ಎಚ್ಚರಿಸಿದ್ದರು. ಟಿಕೆಟ್ಟಿನಲ್ಲಿ ಹೊರಡುವುದು ಮೂರಕ್ಕೆ, ತಲುಪುವುದು ಐದೂವರೆಗೆ ಎಂದಿತ್ತು. "ಎರಡೂವರೆ ಗಂಟೆ ಅಷ್ಟೇ ಅಮ್ಮಾ, ಇಳಿದೇ ತಿನ್ನಬಹುದು" ಎಂದು ನಾನು ಚೀಟಿಯಲ್ಲಿ ಬರೆದೂ ಕೊಟ್ಟೆ.

ಟಿಕೆಟ್ ಕೊಂಡಿದ್ದ ಅಂಗಡಿಗೆ ಆಕೆಯೊಡನೆ ಹೋದಾಗ, ಆ ಚೀಟಿಯನ್ನು ಬಶೀರ್ ಸಾಹೇಬರು ಎರಡು ಸಲ ಓದಿದರು. "ಯಾವ ಊರಿನ ಐದೂವರೆ, ಮೇಷ್ಟ್ರೇ?"

ನಾನು ಟಿಕೆಟ್ಟನ್ನು ಮತ್ತೆ ತೆಗೆದು ನೋಡಿದೆ.

"ಅಲ್ಲಿ ಐದೂವರೆ ಅಂದ್ರೆ ಇಲ್ಲಿ ಏಳು. ಹಾರೋದು ನಾಲ್ಕು ಗಂಟೆ. ವಿಮಾನ ಸೂರ್ಯನ ಹಿಂದೇನೇ ಓಡುತ್ತೆ. ಇಲ್ಲಿ ಮುಳುಗಿದ್ರೂ ಈ ಆಪಾಗೆ ಕಿಟಕೀಲಿ ಕಾಣ್ತಾನೇ ಇರ್ತಾನೆ. ಇವರು ತಿನ್ನೋದು ಯಾವಾಗ?"

ಮೆಹರುನ್ನೀಸಾ ಬಿಡಲಿಲ್ಲ. "ಭಾಯ್, ಮದುವೆಯಾದಾಗಿಂದ ಒಂದು ರೋಜಾನೂ ತಪ್ಪಿಸಿಲ್ಲ. ಒಂದು ಗಂಟೆ ತಡ್ಕೊಳ್ಳಲ್ವಾ ನಾನು?"

"ನೀವು ತಡ್ಕೋತೀರಿ ಆಪಾ, ನಿಮ್ಮ ಸಕ್ಕರೆ ತಡ್ಕೊಳ್ಳುತ್ತಾ? ಪ್ರಯಾಣದವರಿಗೂ ರಿಯಾಯಿತಿ ಇದೆ, ಕಾಯಿಲೆಯವರಿಗೂ ಇದೆ. ಎರಡೂ ಇದ್ದು ಬೇಡ ಅಂದ್ರೆ ಅದು ಭಕ್ತಿ ಅಲ್ಲ, ಹಟ. ಹೆರಿಗೆ ಆಸ್ಪತ್ರೇಲಿ ಮಗಳಿಗೊಂದು ಮಂಚ, ನಿಮಗೊಂದು ಮಂಚ ಹಿಡೀಬೇಕಾ? ಆ ಒಂದು ದಿನದ್ದು ಈದ್ ಆದ್ಮೇಲೆ ಇಟ್ಕೊಳ್ಳಿ."

ಆಕೆ ಮುಖ ಊದಿಸಿಕೊಂಡರು. ಕೊನೆಗೆ ಟಿಕೆಟ್ಟನ್ನು ಚೀಲಕ್ಕೆ ತುರುಕುತ್ತ, "ಆಯ್ತು, ತಿಂಡಿ ತಿಂದೇ ಹತ್ತುತೀನಿ, ಸಾಕಾ?" ಎಂದರು.

ಸಾಹೇಬರು ನನ್ನನ್ನು ಹಂಗಿಸಲಿಲ್ಲ. ಚೀಟಿಯಲ್ಲಿ ನನ್ನ ಅಕ್ಷರದ ಕೆಳಗೆ "ಇಲ್ಲಿಯ ಏಳು" ಎಂದಷ್ಟೇ ಬರೆದರು. ಅಂದಿನಿಂದ ನಮ್ಮ ಕೇಂದ್ರದಲ್ಲಿ ಯಾರ ಟಿಕೆಟ್ ಓದಿದರೂ ಎರಡೂ ಊರುಗಳ ಗಂಟೆ ಬರೆದುಕೊಡುವುದು ನಿಯಮವಾಯಿತು.

ಮೊಮ್ಮಗನನ್ನು ಎತ್ತಾಡಿಸಿ ಮೂರು ತಿಂಗಳ ಮೇಲೆ ಮರಳಿದ ಮೆಹರುನ್ನೀಸಾ, ಮಾರನೆಯ ದಿನವೇ ನನ್ನನ್ನು ಕರೆದುಕೊಂಡು ಆ ಗಲ್ಲಿಗೆ ಬಂದರು. ಅಂಗಡಿಯ ಷಟರ್ ಇಳಿದಿತ್ತು. ಎದೆನೋವು ಬಂದು ಸಾಹೇಬರು ತೀರಿಕೊಂಡು ಹದಿನೈದು ದಿನವಾಯಿತೆಂದು ಪಕ್ಕದ ಚಹಾದಂಗಡಿಯವರು ಹೇಳಿದರು.

ಆಕೆ ಸೆರಗನ್ನು ತಲೆಯ ಮೇಲೆ ಸರಿಪಡಿಸಿಕೊಂಡು ಷಟರಿನ ಎದುರು ನಿಂತರು. "ಭಾಯ್, ಬಾಕಿ ಇದ್ದ ಆ ಒಂದು ರೋಜಾನೂ ಇಟ್ಟೆ" ಎಂದರು, ಒಳಗೆ ಯಾರೋ ಕೇಳಿಸಿಕೊಳ್ಳುತ್ತಿರುವರೆಂಬಂತೆ, ತಲೆಯೆತ್ತಿ.